ಒಂದೇ ಹೆಸರಿನಲ್ಲಿ ಒಂದು ಕಣಿವೆಯ ಸೇಬು



ಇಟಲಿ ದೇಶದ ಉತ್ತರ ಭಾಗದಲ್ಲಿ, ಆಲ್ಪ್ಸ್ ಪರ್ವತಗಳ ನಡುವೆ ತ್ರೆಂತೀನೊ ಎಂಬ ಪ್ರಾಂತವಿದೆ. ಅಲ್ಲಿನ ವಾಲ್ ದಿ ನೋನ್ ಕಣಿವೆ ಸೇಬಿಗೆ ಹೆಸರುವಾಸಿ. ನೊಚೆ ನದಿ ಆಳವಾದ ಕಮರಿಯಲ್ಲಿ ಹರಿಯುತ್ತದೆ. ಕ್ಲೆಸ್ ಪಟ್ಟಣವೂ ಅದರ ನೆರೆಹೊರೆಯ ಹಳ್ಳಿಗಳೂ ಮೇಲಿನ ದಿಣ್ಣೆಗಳಲ್ಲಿವೆ. ಹಿಡುವಳಿಗಳು ಚಿಕ್ಕವು, ಹೆಚ್ಚಿನ ಕುಟುಂಬಗಳಿಗೆ ಇರುವುದು ಕೆಲವೇ ಎಕರೆ ತೋಟ.

ಸಣ್ಣ ಬೆಳೆಗಾರನ ಕಷ್ಟ ಕೊಯ್ಲಿನೊಂದಿಗೆ ಆರಂಭವಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಕಣಿವೆಯ ಹಣ್ಣೆಲ್ಲ ಒಮ್ಮೆಗೇ ಕೈಗೆ ಬರುತ್ತದೆ. ಒಬ್ಬೊಬ್ಬನೇ ಮಾರಹೊರಟರೆ ವ್ಯಾಪಾರಿ ಹೇಳಿದ್ದೇ ಬೆಲೆ. ಇದಕ್ಕೆ ಪರಿಹಾರವಾಗಿ ಹಳ್ಳಿಗಳಲ್ಲಿ ಸಹಕಾರ ಸಂಘಗಳು ಹುಟ್ಟಿದವು. ಆದರೆ ಸಂಘಗಳು ಬೇರೆ ಬೇರೆಯಾಗಿ ಮಾರಿದಾಗ ಅವುಗಳ ನಡುವೆಯೇ ಪೈಪೋಟಿ ಉಂಟಾಯಿತು. 1989ರಲ್ಲಿ ಅವು 'ಮೆಲಿಂದಾ' ಎಂಬ ಒಂದೇ ಹೆಸರಿನಡಿ ಒಟ್ಟುಗೂಡಿದವು. ಇಂದು ಈ ಒಕ್ಕೂಟದಲ್ಲಿ ಸುಮಾರು 4,000 ಬೆಳೆಗಾರ ಕುಟುಂಬಗಳಿವೆ. 2003ರಲ್ಲಿ ಐರೋಪ್ಯ ಒಕ್ಕೂಟವು ಈ ಕಣಿವೆಯ ಸೇಬಿನ ಹೆಸರಿಗೆ ಕಾನೂನಿನ ರಕ್ಷಣೆ ನೀಡಿತು. ಬೇರೆಡೆ ಬೆಳೆದ ಹಣ್ಣನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ.

ಒಗ್ಗಟ್ಟಿಗೆ ಕಟ್ಟುಪಾಡು ಬೇಕು. ಸದಸ್ಯನು ತನ್ನ ಫಸಲನ್ನೆಲ್ಲ ಸಂಘಕ್ಕೇ ಒಪ್ಪಿಸಬೇಕು. ಹೊರಗೆ ಬೆಲೆ ಏರಿದ ದಿನ ವ್ಯಾಪಾರಿಗೆ ಮಾರಿ, ಇಳಿದ ದಿನ ಸಂಘದ ಬಾಗಿಲಿಗೆ ಬರುವಂತಿಲ್ಲ. ಗಾತ್ರ, ಬಣ್ಣ ಮತ್ತು ಗುಣ ನೋಡಿ ಹಣ್ಣಿಗೆ ದರ್ಜೆ ಕಟ್ಟುತ್ತಾರೆ. ದರ್ಜೆಗೆ ತಕ್ಕಂತೆ ಹಣ. ಉಪಚಾರ ಮಾಡಿ ಬೆಳೆದವನಿಗೂ ಉದಾಸೀನ ಮಾಡಿದವನಿಗೂ ಒಂದೇ ಬೆಲೆ ಸಿಗುವುದಿಲ್ಲ.

ಕಾದು ಮಾರಲು ಉಗ್ರಾಣ ಬೇಕು. ಸಾಮಾನ್ಯ ಶೀತಲಗೃಹಗಳ ಜೊತೆಗೆ, ಸುಮಾರು ಹತ್ತು ವರ್ಷಗಳಿಂದ ಇಲ್ಲಿ ಡಾಲೊಮೈಟ್ ಕಲ್ಲಿನ ಗಣಿಯೊಳಗೂ ಸೇಬು ದಾಸ್ತಾನು ಮಾಡುತ್ತಾರೆ. ನೆಲದಾಳದ ಕೋಣೆಗಳನ್ನು ಯಂತ್ರಗಳಿಂದ ಒಮ್ಮೆ ತಣ್ಣಗಾಗಿಸಿದರೆ, ಸುತ್ತಲಿನ ಬಂಡೆಯೇ ಆ ತಂಪನ್ನು ಹಿಡಿದಿಡುತ್ತದೆ. ಇದರಿಂದ ವಿದ್ಯುತ್ ಉಳಿಯುತ್ತದೆ. ಕಟ್ಟಡಕ್ಕಾಗಿ ತೋಟದ ಭೂಮಿಯೂ ಹೋಗುವುದಿಲ್ಲ.

ಆದರೂ ಹವಾಮಾನದ ಭಯ ತಪ್ಪಿಲ್ಲ. ವಸಂತದಲ್ಲಿ ಮರ ಹೂ ಬಿಟ್ಟಿರುವಾಗ ಉಷ್ಣತೆ ಸೊನ್ನೆಗಿಂತ ಕೆಳಗಿಳಿದರೆ ಹೂ ಸುಟ್ಟಂತಾಗಿ ಕಾಯಿ ಕಚ್ಚುವುದಿಲ್ಲ. ಅಂಥ ರಾತ್ರಿ ರೈತರು ಮರಗಳ ಮೇಲೆ ತುಂತುರು ನೀರು ಹಾಯಿಸುತ್ತಾರೆ. ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖ ಹೂವನ್ನು ಕಾಪಾಡುತ್ತದೆ. ನೀರು ನಡುವೆ ನಿಂತರೆ ಹಾನಿ ಹೆಚ್ಚು; ಆದ್ದರಿಂದ ರಾತ್ರಿಯಿಡೀ ಎಚ್ಚರವಿರಬೇಕು. 2017ರ ಏಪ್ರಿಲ್‌ನ ಚಳಿಯಲ್ಲಿ ಕಣಿವೆಯ ಬಹುಪಾಲು ಬೆಳೆ ಹಾಳಾಯಿತು. ಆ ವರ್ಷ ಮಾರಲು ಹಣ್ಣೇ ಕಡಮೆ. ಆದರೂ ಒಕ್ಕೂಟ ಒಡೆಯಲಿಲ್ಲ.

ಸಂಘ ಕಟ್ಟಬಯಸುವ ರೈತರು ಮೊದಲು ಫಸಲು ಒಪ್ಪಿಸುವ ನಿಯಮ, ದರ್ಜೆಯ ನಿಯಮ ಇವೆರಡನ್ನೂ ಕೂತು ಒಪ್ಪಿಕೊಳ್ಳುವುದು ಲೇಸು. ಉಗ್ರಾಣ ಕಟ್ಟುವ ಕೆಲಸ ಆಮೇಲಿನದು.