ನೋಟಿನಂತೆ ಸುದ್ದಿಯನ್ನೂ ಪರೀಕ್ಷಿಸಬೇಕು
(ಜಾತ್ರಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)



ಸಮೂಹ ಮಾಧ್ಯಮಗಳು ಸಮಾಜದ ಮೇಲೆ ಎಂಥ ಪರಿಣಾಮ ಮಾಡುತ್ತವೆ ಎಂಬುದನ್ನು ತಿಳಿಯಲು ಎರಡು ದಿನಗಳನ್ನು ನೆನೆದರೆ ಸಾಕು.

ಮೊದಲನೆಯದು 1995ರ ಸೆಪ್ಟೆಂಬರ್ 21. ದಿಲ್ಲಿಯ ಒಂದು ಗುಡಿಯಲ್ಲಿ ಗಣಪತಿ ಚಮಚದಿಂದ ಹಾಲು ಕುಡಿದನೆಂಬ ಸುದ್ದಿ ನಸುಕಿನಲ್ಲಿ ಹೊರಟಿತು. ಟೆಲಿಫೋನು ಅದನ್ನು ಊರಿಂದೂರಿಗೆ ಒಯ್ದಿತು, ಟೀವಿ ಮನೆಮನೆಗೆ ಮುಟ್ಟಿಸಿತು. ಮಧ್ಯಾಹ್ನದೊಳಗೆ ದೇಶದ ಗುಡಿಗುಡಿಯ ಮುಂದೆ ಹಾಲು ಹಿಡಿದವರ ಸಾಲು ನಿಂತಿತು. ಸರ್ಕಾರದ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಮೂರ್ತಿಗೆ ಹಿಡಿದು ನೋಡಿದರು. ಮೇಲ್ಮೈ ಎಳೆತದಿಂದ ಹಾಲು ಚಮಚ ಬಿಟ್ಟು ಮೂರ್ತಿಗೆ ಅಂಟಿ, ತೆಳ್ಳಗೆ ಕೆಳಗಿಳಿಯುತ್ತಿತ್ತು. ಇದರಿಂದ ಗಣಪತಿಯ ಮಹಿಮೆಗೆ ಕುಂದೇನಿಲ್ಲ. ಭಕ್ತಿಗೆ ಚಮಚದ ಸಾಕ್ಷಿ ಬೇಕಿಲ್ಲ. ಅಂದು ಚೆಲ್ಲಿದ್ದು ಹಾಲು ಮಾತ್ರ.

ಎರಡನೆಯದು 2018ರ ಜುಲೈ 1. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶ ಆಗ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿತ್ತು. ಧುಳೆ ಜಿಲ್ಲೆಯ ರಾಯಿನಪಾಡಾ ಎಂಬ ಹಳ್ಳಿಗೆ ಸಂತೆಯ ದಿನ ಭಿಕ್ಷೆಗೆ ಹೋದ ಐವರನ್ನು ಜನ ಹಿಡಿದು, ಹೊಡೆದು ಕೊಂದರು. ಅವರು ಯಾರು? ಇದೇ ಸೋಲಾಪುರ ಜಿಲ್ಲೆಯ, ಬಸವಣ್ಣನವರು ಕರಣಿಕರಾಗಿದ್ದರೆಂದು ಹೇಳುವ ಮಂಗಳವೇಢೆಯ ಕಡೆಯ ಗೋಸಾವಿಗಳು. ಊರೂರು ತಿರುಗಿ ಹೊಟ್ಟೆ ಹೊರೆಯುವವರು. ಅದೇ ತಿಂಗಳ 13ರಂದು ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬ ಹೀಗೆಯೇ ಸತ್ತ. ಆ ಗೆಳೆಯರ ಗುಂಪು ಮಾಡಿದ್ದು ಇಷ್ಟೇ: ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದು.

ಹಾಗೆಂದು ಮಾಧ್ಯಮಗಳೇ ಕೆಟ್ಟವು ಎನ್ನಲಾಗದು. ಹಾಲಿನ ಸುದ್ದಿ ಹಬ್ಬಿದ 1995ರಲ್ಲಿಯೇ ಪಲ್ಸ್ ಪೋಲಿಯೋ ಆರಂಭವಾಯಿತು. ಎರಡು ಹನಿಯ ಮಾತನ್ನು ರೇಡಿಯೋ, ಟೀವಿಗಳು ಹಟ್ಟಿಹಟ್ಟಿಗೂ ಮುಟ್ಟಿಸಿದವು. 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಣೆಯಾಯಿತು. ದೀಪದ ಬೆಂಕಿಯೂ ಬಣವೆಯ ಬೆಂಕಿಯೂ ಒಂದೇ. ಹಚ್ಚುವ ಕೈ ಬೇರೆ.

ಐನೂರರ ನೋಟು ಬಂದರೆ ಅಂಗಡಿಯವನು ಬೆಳಕಿಗೆ ಹಿಡಿದು ನೋಡುತ್ತಾನೆ. ಅದೇ ಮನುಷ್ಯ ಮೊಬೈಲಿಗೆ ಬಂದ ಸುದ್ದಿಯನ್ನು ನೋಡದೆಯೇ ಹತ್ತು ಮಂದಿಗೆ ದಾಟಿಸುತ್ತಾನೆ. ಖೋಟಾ ನೋಟಿನಿಂದ ಒಬ್ಬನಿಗೆ ನಷ್ಟ. ಖೋಟಾ ಸುದ್ದಿಯಿಂದ ಐದು ಮನೆಗಳ ದೀಪ ಆರಿದವು. ಆ ಜುಲೈ ತಿಂಗಳಲ್ಲಿ ವಾಟ್ಸಾಪ್ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ದಾಟಿಸದಂತೆ ಮಿತಿ ಹಾಕುವುದಾಗಿ ಹೇಳಿತು. ಆದರೆ ಮನಸ್ಸಿಗೆ ಮಿತಿ ಹಾಕುವವರು ಯಾರು?

ಭಕ್ತರಲ್ಲಿ ಒಂದು ವಿನಂತಿ. ಜಾತ್ರೆಯೆಂದ ಮೇಲೆ ಮಕ್ಕಳು ತಪ್ಪಿಸಿಕೊಳ್ಳುತ್ತಾರೆ. ಗೋಸಾವಿಗಳು, ಬೈರಾಗಿಗಳು, ಪರವೂರವರು ಬರುತ್ತಾರೆ. ಅಪರಿಚಿತನ ಕೈಯಲ್ಲಿ ಅಳುವ ಮಗು ಕಂಡರೆ ಯಾರೂ ಕೈ ಎತ್ತಬಾರದು, ಫೋಟೋ ತೆಗೆದು ಕಳಿಸಬಾರದು. ಇಬ್ಬರನ್ನೂ ಕಮಿಟಿಯ ಮಂಟಪಕ್ಕೆ ಕರೆತನ್ನಿ. ಮೈಕಿನಲ್ಲಿ ಕೂಗಿಸಲಾಗುವುದು, ಪೊಲೀಸರೂ ಅಲ್ಲಿಯೇ ಇರುತ್ತಾರೆ. ಅವನು ಆ ಮಗುವಿನ ಸೋದರಮಾವನೇ ಇರಬಹುದು.