ಒಂದು ಅಗುಳು ಹಿಸುಕಿದರೆ ಸಾಕೇ?



ಅನ್ನ ಬೆಂದಿದೆಯೇ ಎಂದು ತಿಳಿಯಲು ಪಾತ್ರೆಯಲ್ಲಿರುವ ಅಷ್ಟನ್ನೂ ತಿನ್ನಬೇಕಾಗಿಲ್ಲ, ಒಂದು ಅಗುಳು ಹಿಸುಕಿದರೆ ಸಾಕು ಎಂದು ನಮ್ಮ ಹಿರಿಯರು ಹೇಳುತ್ತಾರೆ. ನಿಜವಾದ ಮಾತು. ಆದರೆ ಇದೇ ಮಾತನ್ನು ನಂಬಿ ನಾನೊಮ್ಮೆ ಪೇಚಿಗೆ ಸಿಕ್ಕಿದೆ. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ.

ಕಾರವಾರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿರುವ ಅಮದಳ್ಳಿ ನನ್ನೂರು. 1994ರ ಬೇಸಿಗೆ. ನಾನು ಹೈಸ್ಕೂಲಿನಲ್ಲಿದ್ದೆ. ಪಕ್ಕದ ಮನೆಯ ಟಿ.ವಿ.ಯಲ್ಲಿ ಒಂದು ಹೊಸ ಕ್ಯಾಸೆಟ್ಟಿನ ಜಾಹೀರಾತು ಬರುತ್ತಿತ್ತು. ಇಪ್ಪತ್ತು ಸೆಕೆಂಡು ಇದ್ದೀತು, ಅಷ್ಟೇ. ಮೊದಲು ಕೊಳಲು, ಆಮೇಲೆ ಪಲ್ಲವಿಯ ಒಂದು ಸಾಲು. ಆ ಕೊಳಲು ನನ್ನನ್ನು ಹಿಡಿದುಬಿಟ್ಟಿತು. ಶಾಲೆಗೆ ರಜೆ. ನಾನೂ ತಂಗಿಯೂ ಗೇರುಬೀಜ ಹೆಕ್ಕಿ ಮಾರಿ ಸ್ವಲ್ಪ ದುಡ್ಡು ಕೂಡಿಸಿದ್ದೆವು. ಅವಳಿಗೆ ಹೊಸ ಕಂಪಾಸ್ ಬಾಕ್ಸ್ ಬೇಕಾಗಿತ್ತು. ನಾನು ಅವಳನ್ನು ಪುಸಲಾಯಿಸಿ, ಅವಳ ಪಾಲನ್ನೂ ತೆಗೆದುಕೊಂಡು, ಬಸ್ಸು ಹತ್ತಿ ಕಾರವಾರಕ್ಕೆ ಹೋಗಿ ಕ್ಯಾಸೆಟ್ಟು ತಂದೆ. "ಒಂದು ಸಲ ಹಾಕಿ ಕೇಳಿಸಿ" ಎಂದು ಅಂಗಡಿಯವರನ್ನು ಕೇಳಲು ನನಗೆ ಸಂಕೋಚ.

ಮನೆಗೆ ಬಂದು ಟೇಪ್‌ರೆಕಾರ್ಡರಿಗೆ ಹಾಕಿದೆವು. ಕೊಳಲು ಬಂತು, ಪಲ್ಲವಿ ಬಂತು. ಆಮೇಲೆ ಆ ಕೊಳಲು ಮತ್ತೆ ಬರಲೇ ಇಲ್ಲ. ಚರಣದಲ್ಲಿ ಜೀವವಿರಲಿಲ್ಲ. ಎರಡೂ ಬದಿ ಸೇರಿ ಎಂಟು ಹಾಡು. ಉಳಿದ ಏಳರಲ್ಲಿ ಒಂದನ್ನೂ ಎರಡನೆಯ ಸಲ ಕೇಳಬೇಕೆನ್ನಿಸಲಿಲ್ಲ. ಮೇಲಿನ ಪ್ಲಾಸ್ಟಿಕ್ ಹರಿದಾಗಿತ್ತು, ವಾಪಸು ಕೊಡುವಂತೆಯೂ ಇರಲಿಲ್ಲ. ತಂಗಿ ಸಿಟ್ಟು ಮಾಡಲಿಲ್ಲ. "ಅಣ್ಣಾ, ನೀ ತರೂ ಮುಂಚೆ ಇದನ್ನ ಎಷ್ಟು ಹೊತ್ತು ಕೇಳಿದ್ದೆ?" ಎಂದಷ್ಟೇ ಕೇಳಿದಳು. ಆ ವರ್ಷವೆಲ್ಲ ಮೊನೆ ಮುರಿದ ಹಳೆಯ ಕೈವಾರದಲ್ಲೇ ವೃತ್ತ ಎಳೆದಳು.

ಅವಳ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ಅಗುಳಿನ ಗುಟ್ಟು ತಿಳಿಯಿತು. ಒಂದು ಅಗುಳು ಇಡೀ ಪಾತ್ರೆಯ ವಿಷಯ ಹೇಳುವುದು ಏಕೆ? ಎಲ್ಲ ಅಗುಳಿಗೂ ಒಂದೇ ನೀರು, ಒಂದೇ ಬೆಂಕಿ, ಒಂದೇ ಹೊತ್ತು. ಸೌಟಿನಿಂದ ತಿರುವಿಯೂ ಇರುತ್ತೇವೆ. ಹಿಸುಕಿ ನೋಡುವ ಅಗುಳನ್ನು ನಾವೇ, ಕೈಗೆ ಸಿಕ್ಕಿದ್ದನ್ನು, ಎತ್ತಿಕೊಳ್ಳುತ್ತೇವೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಯಾದೃಚ್ಛಿಕ ಮಾದರಿ ಎನ್ನುತ್ತಾರೆ. ಕ್ಯಾಸೆಟ್ಟು ಹಾಗಲ್ಲ. ಒಂದೊಂದು ಹಾಡೂ ಬೇರೆ ಒಲೆಯ ಮೇಲೆ ಬೆಂದದ್ದು. ಅದರಲ್ಲಿ ರುಚಿಯಾದ ಅಗುಳನ್ನು ಆರಿಸಿ ನಮ್ಮ ಕೈಗೆ ಕೊಟ್ಟವರು ಮಾರುವವರು.

ನಮ್ಮಮ್ಮ ಮೀನು ಕೊಳ್ಳುವಾಗ ಬುಟ್ಟಿಯ ಮೇಲಿದ್ದ ಬಂಗಡೆಯನ್ನು ಮುಟ್ಟುತ್ತಲೇ ಇರಲಿಲ್ಲ. ಅಡಿಯಿಂದ ಒಂದನ್ನು ಎಳೆದು, ಕಿವಿರು ಬಿಡಿಸಿ, ಕೆಂಪಗಿದೆಯೇ ಎಂದು ನೋಡುತ್ತಿದ್ದರು. ಸಂಖ್ಯಾಶಾಸ್ತ್ರ ಓದದ ಅಮ್ಮನಿಗೆ ತಿಳಿದದ್ದು ನನಗೆ ತಿಳಿದಿರಲಿಲ್ಲ!

ಇನ್ನೂ ಒಂದು ಸಂಗತಿಯಿದೆ. ಒಂದೇ ತುಣುಕನ್ನು ದಿನವೂ ಕೇಳಿದರೆ ಅದು ತಾನಾಗಿಯೇ ಇಷ್ಟವಾಗತೊಡಗುತ್ತದೆ. ಪರಿಚಯವೇ ಪ್ರೀತಿಯನ್ನು ಹುಟ್ಟಿಸುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ 1968ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದರು. ಜೊತೆಗೆ, ತುಣುಕು ನಿಂತಲ್ಲಿ ನಮ್ಮ ಮನಸ್ಸು ನಿಲ್ಲುವುದಿಲ್ಲ. ಉಳಿದ ಹಾಡನ್ನು ತನಗೆ ಬೇಕಾದಂತೆ ಕಟ್ಟಿಕೊಳ್ಳುತ್ತದೆ. ನಾನು ಕಾರವಾರಕ್ಕೆ ಹೋದದ್ದು ನನ್ನ ತಲೆಯಲ್ಲಿ ಮಾತ್ರ ಇದ್ದ ಒಂದು ಹಾಡನ್ನು ತರಲು. ಅದು ಯಾವ ಅಂಗಡಿಯಲ್ಲಿ ಸಿಕ್ಕೀತು?

ಹಾಗಾದರೆ ಚಿಕ್ಕದೆಲ್ಲ ಸುಳ್ಳೇ? ಖಂಡಿತ ಅಲ್ಲ. ಹಳೆಯ 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರೂವರೆ ನಿಮಿಷ. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಹಾಡಿದ ಗೌಹರ್ ಜಾನ್ ಗಂಟೆಗಟ್ಟಲೆ ಹಾಡಬಲ್ಲವರು. ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಅಲ್ಲಿಯೇ ತೀರಿಕೊಂಡವರು. ಅಂಥವರು ಆ ಕೆಲವು ನಿಮಿಷಗಳಿಗೆಂದೇ ಹಾಡನ್ನು ಅಡಕ ಮಾಡಿಕೊಂಡರು. ದೊಡ್ಡದರಿಂದ ಕತ್ತರಿಸಿದ ಚೂರು ಬೇರೆ, ಚಿಕ್ಕದಾಗಿಯೇ ಪೂರ್ಣವಾಗಿ ಕಟ್ಟಿದ್ದು ಬೇರೆ.

ನಮ್ಮ ಗದಗಿನ ಭೀಮಸೇನ ಜೋಶಿಯವರ ಪ್ರಸಂಗ ನಿಮಗೆ ಗೊತ್ತಿರಬಹುದು. ಬಾಲಕನಾಗಿದ್ದಾಗ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿಯನ್ನು ಅವರು ಗ್ರಾಮಫೋನ್ ತಟ್ಟೆಯಲ್ಲಿ ಕೇಳಿದರು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟರು. ಗ್ವಾಲಿಯರ್, ಕಲ್ಕತ್ತೆ, ಜಲಂಧರ್ ಅಲೆದು, ಕೊನೆಗೆ ಅದೇ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಬಳಿ ಕುಂದಗೋಳದಲ್ಲಿ ವರ್ಷಗಟ್ಟಲೆ ಕಲಿತರು. ಆ ಕೆಲವು ನಿಮಿಷ ಅವರಿಗೆ ಬಾಗಿಲಾಯಿತು. ನಾನು ಬಾಗಿಲನ್ನೇ ಮನೆಯೆಂದು ತಿಳಿದೆ, ಅವರು ಬಾಗಿಲು ದಾಟಿ ಒಳಗೆ ಹೋದರು.

ಮಿತ್ರರೇ, ಇಂದು ನಾನೂ ಟಿ.ವಿ. ಕಾರ್ಯಕ್ರಮಗಳ ನಿರ್ಮಾಪಕ. ಅರ್ಧ ಗಂಟೆಯ ಸಂದರ್ಶನದಿಂದ ಮೂವತ್ತು ಸೆಕೆಂಡಿನ ಪ್ರೋಮೋ ಕತ್ತರಿಸುವುದು ನನ್ನದೇ ಕೆಲಸ. ಅತಿಥಿ ಮನಸಾರೆ ನಕ್ಕ ಗಳಿಗೆಯನ್ನೋ, ಕಣ್ಣು ತೇವವಾದ ಗಳಿಗೆಯನ್ನೋ ತೆಗೆದುಕೊಳ್ಳುತ್ತೇನೆ. ಅವರು ಕೆಮ್ಮಿ ನೀರು ಕೇಳಿದ್ದನ್ನು, ಮಾತು ಎಳೆದಾಡಿದ್ದನ್ನು ಬಿಡುತ್ತೇನೆ. ನಾನು ತೋರಿಸುವುದರಲ್ಲಿ ಸುಳ್ಳಿಲ್ಲ. ಆದರೆ ಅದು ಬುಟ್ಟಿಯ ಮೇಲಿನ ಬಂಗಡೆ ಎಂಬುದನ್ನು ನಿಮಗೆ ಹೇಳದೆ ಇರಲಾರೆ.

ಕ್ಯಾಸೆಟ್ಟಿನ ಕಾಲ ಮುಗಿಯಿತು. 2003ರಲ್ಲಿ ಆಪಲ್ ಕಂಪನಿ ಅಂತರ್ಜಾಲದಲ್ಲಿ ಹಾಡು ಮಾರತೊಡಗಿದಾಗ ಕೊಳ್ಳುವ ಮುನ್ನ 30 ಸೆಕೆಂಡು ಕೇಳಿಸುತ್ತಿತ್ತು. 2010ರಲ್ಲಿ ಉದ್ದದ ಹಾಡುಗಳಿಗೆ ಅದನ್ನು 90 ಸೆಕೆಂಡಿಗೆ ಏರಿಸಿತು. ಈಗಂತೂ ಬಹುತೇಕ ಹಾಡುಗಳನ್ನು ಮೊಬೈಲಿನಲ್ಲಿ ಪೂರ್ತಿ ಕೇಳಬಹುದು, ನಷ್ಟವಿಲ್ಲ. ಆದರೆ ಅರ್ಧ ನಿಮಿಷದ ವಿಡಿಯೋ ನೋಡಿ ಕೋರ್ಸು ಆರಿಸಿಕೊಳ್ಳುವವರಿದ್ದಾರೆ, ಕಾಲೇಜು ಆರಿಸಿಕೊಳ್ಳುವವರಿದ್ದಾರೆ. ಅಲ್ಲಿ ಹೋಗುವುದು ಗೇರುಬೀಜದ ದುಡ್ಡಲ್ಲ. ಮೂರು ನಾಲ್ಕು ವರ್ಷ ಮತ್ತು ಮನೆಯವರ ಉಳಿತಾಯ.

ಆದ್ದರಿಂದ ಮೂರು ಪ್ರಶ್ನೆ ನೆನಪಿರಲಿ. ಈ ತುಣುಕನ್ನು ಆರಿಸಿದವರು ಯಾರು? ಇದರ ನಡುಭಾಗ ಹೇಗಿದೆ? ತುಣುಕಿನಲ್ಲಿ ಇಲ್ಲದ್ದನ್ನು ನಾನೇ ಎಷ್ಟು ಕಟ್ಟಿಕೊಂಡಿದ್ದೇನೆ? ಕಾಲೇಜಿನ ವಿಷಯವಾದರೆ, ಅಲ್ಲಿ ಎರಡನೆಯ ವರ್ಷ ಓದುತ್ತಿರುವವರನ್ನು ಹುಡುಕಿ ಮಾತಾಡಿಸಿ. ಕಿವಿರು ಬಿಡಿಸಿ ನೋಡುವುದೆಂದರೆ ಅದೇ.

ಆ ಕ್ಯಾಸೆಟ್ಟು ಏನಾಯಿತು ಎನ್ನುತ್ತೀರಾ? ಕ್ಯಾಸೆಟ್ಟಿನ ಹಿಂಬದಿಯ ಎರಡು ಸಣ್ಣ ತೂತುಗಳಿಗೆ ಅಂಟುಪಟ್ಟಿ ಹಚ್ಚಿದರೆ ಅದರ ಮೇಲೆ ಹೊಸದಾಗಿ ರೆಕಾರ್ಡ್ ಮಾಡಬಹುದಿತ್ತು. ತಂಗಿ ಹಾಗೆ ಮಾಡಿ ರೇಡಿಯೋದಲ್ಲಿ ಬಂದ ಯಕ್ಷಗಾನ ತುಂಬಿದಳು. ತುಂಬುವ ಮುನ್ನ ಅವಳು ಆ ಪ್ರಸಂಗವನ್ನು ಊರಿನ ಬಯಲಿನಲ್ಲಿ ರಾತ್ರಿಯಿಡೀ ಕೂತು ನೋಡಿದ್ದಳು.