ಬಸ್ಸಿನಿಂದ ಇಳಿದ ಮೇಲೆ



ಕಳೆದ ವರ್ಷ ನನ್ನ ಮೊದಲನೆಯ ಅವಧಿಯ ಪಾಠಕ್ಕೆ ಗುಬ್ಬಿಯ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಪದೇ ಪದೇ ತಡವಾಗಿ ಬರುತ್ತಿದ್ದಳು. ಒಂದು ದಿನ ಗದರಿಸಿದೆ. ಬಸ್ಸು ತಡವಾಯಿತೆಂದು ಆಕೆ ಹೇಳಬಹುದಾಗಿತ್ತು, ಹೇಳಲಿಲ್ಲ. “ಬಸ್ಸು ಹೊತ್ತಿಗೆ ಸರಿಯಾಗಿಯೇ ಬಂತು ಸಾರ್, ರಸ್ತೆ ದಾಟುವುದಕ್ಕೆ ಆಗಲಿಲ್ಲ” ಎಂದಳು. ತರಗತಿ ನಕ್ಕಿತು, ನಾನೂ ನಕ್ಕೆನೆಂಬುದನ್ನು ಒಪ್ಪಿಕೊಳ್ಳಬೇಕು. ಮರುದಿನ ನನ್ನ ವಾಹನವನ್ನು ಮನೆಯಲ್ಲಿಯೇ ಬಿಟ್ಟು, ಬಸ್ ನಿಲ್ದಾಣದಿಂದ ಕಾಲೇಜಿನವರೆಗೆ ನಡೆದು ನೋಡಿದೆ.

ತುಮಕೂರಿನ ಬಿ. ಎಚ್. ರಸ್ತೆಯನ್ನು ನೀವೆಲ್ಲರೂ ಬಲ್ಲಿರಿ. ಬೆಂಗಳೂರನ್ನೂ ಹೊನ್ನಾವರವನ್ನೂ ಕೂಡಿಸುವುದರಿಂದ ಅದಕ್ಕೆ ಆ ಹೆಸರು. ಅಷ್ಟು ದೂರದ ಊರುಗಳನ್ನು ಕೂಡಿಸುವ ದಾರಿಯನ್ನು ಈ ಬದಿಯಿಂದ ಆ ಬದಿಗೆ ದಾಟಲು ನಾನು ಬಹಳ ಹೊತ್ತು ನಿಂತೆ. ಫುಟ್‌ಪಾತ್ ಇಲ್ಲವೆಂದಲ್ಲ. ನಾನು ನಡೆದ ಕಡೆ ಚರಂಡಿಯ ಮೇಲಿನ ಚಪ್ಪಡಿಯೇ ಫುಟ್‌ಪಾತ್. ಒಂದೆಡೆ ಚಪ್ಪಡಿ ಸರಿದಿದೆ, ಮುಂದೆ ಅಂಗಡಿಯ ಪ್ಲಾಸ್ಟಿಕ್ ಕೊಡಗಳು, ಅದರಾಚೆ ಸಾಲುಸಾಲಾಗಿ ದ್ವಿಚಕ್ರ ವಾಹನಗಳು. ಆ ಸಾಲಿನಲ್ಲಿ ನನ್ನ ವಾಹನವನ್ನೂ ಎಷ್ಟೋ ಸಲ ನಿಲ್ಲಿಸಿದ್ದುದು ಆಗ ನೆನಪಿಗೆ ಬಂದಿತು.

ದೂರದ ಪ್ರಯಾಣದ ಸೌಕರ್ಯ ನಮ್ಮ ಜಿಲ್ಲೆಗೆ ಹೊಸದಲ್ಲ. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿಯೇ ರೈಲು ಬಂದಿತು. (ಗುಬ್ಬಿಯ ನಾಟಕ ಕಂಪನಿ ಹುಟ್ಟಿದುದೂ ಅದೇ ವರ್ಷ.) ಕುಣಿಗಲ್ಲಿನವರು ಮಾತ್ರ ಬೆಂಗಳೂರು–ಹಾಸನ ಮಾರ್ಗ ತೆರೆದ 2017ರವರೆಗೆ ಕಾದರು. ಆದರೂ ಕುಣಿಗಲ್ಲಿನಿಂದ ತುಮಕೂರಿಗೆ ನೇರವಾದ ಹಳಿಯಿಲ್ಲ. ಅವರಿಗೆ ಬಸ್ಸೇ ಗತಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಟಿಕೆಟ್ಟಿನ ಖರ್ಚನ್ನು ತೆಗೆದುಹಾಕಿತು. ಬಸ್ಸುಗಳಲ್ಲಿ ನೂಕುನುಗ್ಗಲೆಂದು ನನ್ನ ಮಿತ್ರರು ಗೊಣಗುತ್ತಾರೆ. ಆ ನೂಕುನುಗ್ಗಲಿನಲ್ಲಿಯೇ ನನ್ನ ತರಗತಿಯ ಮುಂದಿನ ಎರಡು ಬೆಂಚುಗಳೂ ಬರುತ್ತಿವೆಯೆಂದು ನಾನು ಉತ್ತರ ಹೇಳುತ್ತೇನೆ.

ಹಾಗಾದರೆ ಇಪ್ಪತ್ತು ಕಿಲೋಮೀಟರಿನ ದಾರಿಗೆ ಏರ್ಪಾಡು ಮಾಡಿದ ನಾವು, ಕೊನೆಯ ಒಂದು ಕಿಲೋಮೀಟರನ್ನು ಏಕೆ ಮರೆತೆವು? ಸೈಕಲ್ಲಿನ ಕಥೆಯೂ ಇದೇ. 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಹಂಚತೊಡಗಿತು. ಹಳ್ಳಿಯ ದಾರಿಯಲ್ಲಿ ಅದನ್ನು ನಿರ್ಭಯವಾಗಿ ತುಳಿದ ಹುಡುಗಿ, ನಗರದ ಕಾಲೇಜಿಗೆ ಬಂದಾಗ ಲಾರಿಗಳಿಗೆ ಹೆದರಿ ಕೈಬಿಡುತ್ತಾಳೆ. ಮೈಸೂರು 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ಲುಗಳನ್ನು ಬೀದಿಗೆ ತಂದಿತು. ನಮ್ಮಲ್ಲಿ ಸೈಕಲ್ಲಿಗೆ ಬರಗಾಲವಿಲ್ಲ. ಅದಕ್ಕೆ ಬೇಕಾದ ಮೂರು ಮೊಳ ಅಗಲದ ದಾರಿಗೆ ಬರಗಾಲ.

ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಮೇಲೆ ಕೆಲವು ರಸ್ತೆಗಳ ಅಂಚು ಸುಧಾರಿಸಿದುದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಬೇಡಿಕೆ ಬಹು ಚಿಕ್ಕದು: ನಿಲ್ದಾಣದಿಂದ ಕಾಲೇಜುಗಳಿಗೂ ಜಿಲ್ಲಾ ಆಸ್ಪತ್ರೆಗೂ ಹೋಗುವ ದಾರಿಗಳಲ್ಲಿ ಎಡೆಬಿಡದ ಫುಟ್‌ಪಾತ್, ಮತ್ತು ಮುದುಕಿಯೊಬ್ಬಳು ಓಡದೆ ದಾಟುವಷ್ಟು ಹೊತ್ತು ವಾಹನಗಳನ್ನು ತಡೆಯುವ ದೀಪ. ಅದು ಬರುವವರೆಗೆ ನಾನು ಹಾಜರಿಯನ್ನು ಅವಧಿಯ ಕೊನೆಯಲ್ಲಿ ತೆಗೆದುಕೊಳ್ಳುತ್ತಿದ್ದೇನೆ.